ಜಿಟಿ 730 ಅಂದರೆ ಯಾವ ಜಿಟಿ 730? ಹಳೆಯ ಕಾರ್ಡಿಗೆ ಲಿನಕ್ಸ್‌ನಲ್ಲಿ ಸರಿಯಾದ ಡ್ರೈವರ್ ಹಾಕುವ ಬಗೆ

ಕಲಬುರಗಿಯ ಆಳಂದ ರಸ್ತೆಯಲ್ಲಿ ನಾನು ಕನ್ನಡ ಟೈಪಿಂಗ್ ಕ್ಲಾಸ್ ನಡೆಸುತ್ತೇನೆ. ಆರು ಕಂಪ್ಯೂಟರ್ ಇವೆ, ಆರೂ ಸೆಕೆಂಡ್ ಹ್ಯಾಂಡ್. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಬೇಕಾದ ಕಸುವು ಈ ಯಂತ್ರಗಳಿಗೆ ಇಲ್ಲ. ಹಾಗಾಗಿ ಆ ವರ್ಷದ ದೀಪಾವಳಿ ರಜೆಯಲ್ಲಿ ಆರಕ್ಕೂ ವಿಂಡೋಸ್ ಬದಲು ಲಿನಕ್ಸ್ ಮಿಂಟ್ 21.3 ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿದೆ. ಹುಡುಗರಿಗೆ ಬೇಕಾದ ಕಗಪ ಕೀಲಿಮಣೆ ಅದರಲ್ಲೇ ಇದೆ, ಲಿಬ್ರೆ ಆಫೀಸ್ ಇದೆ. ನಮ್ಮ ಕೆಲಸಕ್ಕೆ ಅಷ್ಟು ಸಾಕು.

ಆರರಲ್ಲಿ ಮೂರು ಯಂತ್ರ ಮೊದಲ ದಿನದಿಂದಲೇ ಚೆನ್ನಾಗಿ ನಡೆದವು. ಉಳಿದ ಮೂರು ನನಗೆ ಪಾಠ ಕಲಿಸಿದವು. ಗ್ರಾಫಿಕ್ಸ್ ಡ್ರೈವರ್ (ಸ್ಕ್ರೀನಿಗೆ ಚಿತ್ರ ಕಳಿಸುವ ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) ಅಂದರೆ ಆಟ ಆಡುವವರ ವಿಷಯ ಅಂತ ತುಂಬ ಜನ ತಿಳಿದಿದ್ದಾರೆ. ಕನ್ನಡ ಅಕ್ಷರ ಕಲಿಸುವವರಿಗೂ ಅದು ಅಷ್ಟೇ ಮುಖ್ಯ. ರಜೆ ಮುಗಿದ ಮೊದಲ ದಿನ ಒಬ್ಬ ಹುಡುಗಿ ಕೈ ಎತ್ತಿ ಕೇಳಿದಳು: "ಅಕ್ಕೋರೆ, ಇದು ಥ ಏನ್ರಿ, ಧ ಏನ್ರಿ? ಹೊಟ್ಯಾಗ ಚುಕ್ಕಿನೇ ಕಾಣವಲ್ದು." ಹೋಗಿ ನೋಡಿದೆ. 1600x900ರ ಮಾನಿಟರ್ ಮೇಲೆ 1024x768ರ ಚಿತ್ರ ಎಳೆದು ಹಿಗ್ಗಿಸಿದ ಹಾಗೆ ಕೂತಿತ್ತು. ಥದ ಚುಕ್ಕಿ ಮಸುಕಾಗಿ ಕರಗಿ ಹೋಗಿತ್ತು. ಪರೀಕ್ಷೆಗೆ ತಯಾರಾಗುವ ಮಕ್ಕಳು ದಿನಕ್ಕೆ ಎರಡು ತಾಸು ಇಂಥ ಸ್ಕ್ರೀನ್ ನೋಡಿದರೆ ಕಣ್ಣಿನ ಗತಿ ಏನು?

ಮೊದಲು ಕೇಬಲ್ ನೋಡಿ

ಆ ಯಂತ್ರದ್ದು ಡ್ರೈವರ್ ತೊಂದರೆ ಆಗಿರಲಿಲ್ಲ. ಅದಕ್ಕೇ ಇದನ್ನು ಮೊದಲು ಹೇಳುತ್ತಿದ್ದೇನೆ. ಮಾನಿಟರ್ ತನ್ನ ಅಳತೆಯನ್ನು ಕೇಬಲ್ ಮೂಲಕವೇ ಕಂಪ್ಯೂಟರಿಗೆ ತಿಳಿಸುತ್ತದೆ. ಅಗ್ಗದ ವಿಜಿಎ ಕೇಬಲ್‌ಗಳಲ್ಲಿ ಆ ಮಾಹಿತಿ ಹೋಗುವ ಪಿನ್ನಿಗೆ ತಂತಿಯೇ ಇರುವುದಿಲ್ಲ, ಇಲ್ಲವೇ ಪಿನ್ ಮುರಿದಿರುತ್ತದೆ. ಆಗ ಕಂಪ್ಯೂಟರ್ ಸುಮ್ನೆ ಒಂದು ಅಂದಾಜು ಅಳತೆ ಹಿಡಿಯುತ್ತದೆ. ಪಕ್ಕದ ಯಂತ್ರದ ಕೇಬಲ್ ತಂದು ಚುಚ್ಚಿದೆ, ಥದ ಚುಕ್ಕಿ ತಿರುಗಿ ಬಂತು. ಡ್ರೈವರ್ ಕಿತ್ತು ಹಾಕುವ ಮೊದಲು ಈ ಎರಡು ನಿಮಿಷದ ಪರೀಕ್ಷೆ ಮಾಡಿ.

ಇನ್ನೆರಡು ಯಂತ್ರಗಳ ಕಾಟ ಬೇರೆ. ಪುಟ ಸರಿಸಿದರೆ ಅಕ್ಷರದ ಸಾಲು ನಡುವೆ ಹರಿದಂತೆ ಕಾಣುತ್ತಿತ್ತು. ದಿನಕ್ಕೆ ಒಂದೆರಡು ಸಲ ಇಡೀ ಸ್ಕ್ರೀನ್ ಗಟ್ಟಿಯಾಗಿ ನಿಂತುಬಿಡುತ್ತಿತ್ತು, ಮೌಸ್ ಕೂಡ ಅಲುಗುತ್ತಿರಲಿಲ್ಲ. ಎರಡರಲ್ಲೂ ಎನ್ವಿಡಿಯಾ ಕಂಪನಿಯ ಜಿಟಿ 730 ಗ್ರಾಫಿಕ್ಸ್ ಕಾರ್ಡು.

ಲಿನಕ್ಸ್ ಹಾಕಿದ ಕೂಡಲೇ ಎನ್ವಿಡಿಯಾ ಕಾರ್ಡಿಗೆ ನೂವೋ ಎಂಬ ಮುಕ್ತ ಡ್ರೈವರ್ ತಾನಾಗಿಯೇ ಸಿಗುತ್ತದೆ. ಅದು ಲಿನಕ್ಸ್‌ನ ತಿರುಳಾದ ಕರ್ನಲ್‌ನ ಒಳಗೇ ಇದೆ, ಬೇರೆ ಏನೂ ಇಳಿಸಬೇಕಿಲ್ಲ. ಕಂಪನಿಯ ಸಹಾಯ ಹೆಚ್ಚಿಲ್ಲದೆ, ಕಾರ್ಡುಗಳ ಒಳಗುಟ್ಟನ್ನು ತಾವೇ ಬಿಡಿಸಿ ಬರೆದವರ ಕೆಲಸ ಅದು. ನನಗೆ ಅದರ ಬಗ್ಗೆ ದೊಡ್ಡ ಗೌರವ ಇದೆ. ಅದರಲ್ಲೇ ನಿಮ್ಮ ಯಂತ್ರ ನಿಲ್ಲದೆ, ಹರಿಯದೆ ನಡೆಯುತ್ತಿದ್ದರೆ ಅದನ್ನೇ ಇಟ್ಟುಕೊಳ್ಳಿ. ಆದರೆ ನೂವೋದಲ್ಲಿ ತುಂಬ ಕಾರ್ಡುಗಳು ಪೂರ್ತಿ ವೇಗಕ್ಕೆ ಏರುವುದಿಲ್ಲ, ಕಂಪ್ಯೂಟರ್ ಆನ್ ಆದಾಗಿನ ವೇಗದಲ್ಲೇ ಉಳಿಯುತ್ತವೆ. ಕೆಲವು ಆಗಾಗ ಹ್ಯಾಂಗ್ ಆಗುತ್ತವೆ. ನನ್ನ ಎರಡಕ್ಕೂ ಎನ್ವಿಡಿಯಾದ ಸ್ವಂತ ಡ್ರೈವರ್ ಹಾಕಲೇಬೇಕಾಯಿತು.

ಚಿಪ್ ಯಾವುದು ಅಂತ ಕೇಳಿ, ಡಬ್ಬಿಯನ್ನು ನಂಬಬೇಡಿ

ಮೊದಲನೇ ಯಂತ್ರದಲ್ಲಿ ಟರ್ಮಿನಲ್ (ಕಮಾಂಡ್ ಟೈಪ್ ಮಾಡುವ ಕಿಟಕಿ) ತೆರೆದು 470 ನಂಬರಿನ ಡ್ರೈವರ್ ಹಾಕಿದೆ. ರೀಸ್ಟಾರ್ಟ್ ಆಯಿತು, ಹಾಲಿನಂಥ ಸ್ಕ್ರೀನ್ ಬಂತು. ಎರಡನೆಯದಕ್ಕೂ ಅದೇ ಹೆಸರಿನ ಕಾರ್ಡು ಅಲ್ವಾ, ಅದೇ ಕಮಾಂಡ್ ಕೊಟ್ಟೆ. ರೀಸ್ಟಾರ್ಟ್ ಮಾಡಿದರೆ ಸ್ಕ್ರೀನ್ ಕಪ್ಪು. ಹಿಂದೆ ನಿಂತ ಹುಡುಗ "ಅಕ್ಕೋರೆ, ಕಾರ್ಡ್ ಸುಟ್ಟು ಹೋಗ್ಯಾದೇನ್ರಿ?" ಅಂದ. ಸುಟ್ಟಿರಲಿಲ್ಲ. ಕಪ್ಪು ಸ್ಕ್ರೀನಿನಿಂದ ಹೊರಬಂದು ಕರ್ನಲ್‌ನ ದಾಖಲೆ ಓದಿದಾಗ ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು: ಈ ಜಿಟಿ 730 ಕಾರ್ಡಿಗೆ 390ರ ಹಳೆಯ ಡ್ರೈವರ್ ಬೇಕು, 470 ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಜಿಟಿ 730 ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ತಲೆಮಾರಿನ ಚಿಪ್ ಮಾರಾಟವಾಗಿವೆ. ಒಂದು ಜಿಎಫ್108, ಫರ್ಮಿ ತಲೆಮಾರಿನದು, 96 ಕೋರ್. ಇನ್ನೊಂದು ಜಿಕೆ208, ಕೆಪ್ಲರ್ ತಲೆಮಾರಿನದು, 384 ಕೋರ್. ಡಬ್ಬಿಯ ಮೇಲೆ, ಸ್ಟಿಕರ್ ಮೇಲೆ ಎರಡಕ್ಕೂ ಅದೇ ಹೆಸರು. ಜಿಟಿ 630ರಲ್ಲೂ ಇದೇ ಗೊಂದಲ ಇದೆ. ನಮ್ಮ ಕಡೆ ಒಂದೇ ಊರಲ್ಲಿ ಶರಣಪ್ಪ ಅಂತ ಹತ್ತು ಮಂದಿ ಇರುತ್ತಾರೆ, ಮನೆತನದ ಹೆಸರು ಕೇಳದೆ ಗುರುತು ಹತ್ತುವುದಿಲ್ಲ. ಕಾರ್ಡಿಗೂ ಮನೆತನ ಕೇಳಬೇಕು.

ಕೇಳುವ ಬಗೆ ಸುಲಭ. ಕಮಾಂಡುಗಳನ್ನು ನಾನು ಕ್ಲಾಸಿನಲ್ಲಿ ಡಿಕ್ಟೇಶನ್ ಕೊಡುವ ಹಾಗೆ ಬಿಡಿಸಿ ಹೇಳುತ್ತೇನೆ. ನೀವು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಿ. ನಾನು ದೊಡ್ಡದು ಅಂದಾಗ ಮಾತ್ರ ಕ್ಯಾಪಿಟಲ್. ಕೀಲಿಮಣೆ ಕನ್ನಡದಲ್ಲಿದ್ದರೆ ಮೊದಲು ಇಂಗ್ಲಿಷಿಗೆ ತಿರುಗಿಸಿ, ಇಲ್ಲವಾದರೆ ಪಾಸ್‌ವರ್ಡ್ ಕೂಡ ಹಿಡಿಯುವುದಿಲ್ಲ.

ಮಿಂಟ್‌ನಲ್ಲಿ ಟರ್ಮಿನಲ್ ತೆರೆದು ಹೀಗೆ ಹೊಡೆಯಿರಿ: ಐ ಎನ್ ಎಕ್ಸ್ ಐ, ಸ್ಪೇಸ್, ಹೈಫನ್, ದೊಡ್ಡ ಜಿ, ಸಣ್ಣ ಎಕ್ಸ್ ಎರಡು. ಎಂಟರ್ ಒತ್ತಿದರೆ ಗ್ರಾಫಿಕ್ಸ್ ಕಾರ್ಡಿನ ಪೂರ್ತಿ ಜಾತಕ ಬರುತ್ತದೆ. ಬೇರೆ ಲಿನಕ್ಸ್ ಆದರೆ ಎಲ್ ಎಸ್ ಪಿ ಸಿ ಐ, ಸ್ಪೇಸ್, ಹೈಫನ್, ಎನ್ ಎನ್ ಕೆ. ಬಂದ ಉದ್ದ ಪಟ್ಟಿಯಲ್ಲಿ ವಿಜಿಎ ಎಂದಿರುವ ಸಾಲು ಹುಡುಕಿ.

ಅಲ್ಲಿ ಮೂರು ವಿಷಯ ಬರೆದುಕೊಳ್ಳಿ. ಒಂದು, ಚಿಪ್‌ನ ಹೆಸರು. ಎರಡು, ಕೋಲನ್ ನಡುವೆ ಇರುವ ನಂಬರು. ನನ್ನ ಮೊದಲ ಯಂತ್ರದಲ್ಲಿ ಅದು 10ಡಿಇ:1287, ಎರಡನೆಯದರಲ್ಲಿ 10ಡಿಇ:0ಎಫ್02. 10ಡಿಇ ಅಂದರೆ ಎನ್ವಿಡಿಯಾ. ಅದರ ಜಾಗದಲ್ಲಿ 1002 ಇದ್ದರೆ ಎಎಂಡಿ, 8086 ಇದ್ದರೆ ಇಂಟೆಲ್. ಮೂರು, ಈಗ ಯಾವ ಡ್ರೈವರ್ ನಡೆಯುತ್ತಿದೆ ಎಂಬುದು.

ಎನ್ವಿಡಿಯಾ ಆದರೆ ಚಿಪ್ ಹೆಸರಿನ ಎರಡನೇ ಅಕ್ಷರ ನೋಡಿ. ಕೆಲಸವೆಲ್ಲ ಆ ಒಂದು ಅಕ್ಷರದಲ್ಲಿದೆ.

ಎಫ್ ಇದ್ದರೆ ಫರ್ಮಿ. ಜೀಫೋರ್ಸ್ 400, 500 ಸಾಲಿನವು, ಜಿಟಿ 610, ನನ್ನ ಎರಡನೇ 730 ಎಲ್ಲ ಇದರಲ್ಲಿ ಬರುತ್ತವೆ. ಇವಕ್ಕೆ 390. ಆ ಸಾಲಿನ ಕೊನೆಯ ಡ್ರೈವರ್ 390.157, 2022ರ ನವೆಂಬರ್‌ನಲ್ಲಿ ಬಂತು. ಕೆ ಇದ್ದರೆ ಕೆಪ್ಲರ್. ಜಿಟಿ 710ರಲ್ಲಿ ಹೆಚ್ಚಿನವು, 600 ಮತ್ತು 700 ಸಾಲಿನ ಬಹಳಷ್ಟು ಕಾರ್ಡುಗಳು. ಇವಕ್ಕೆ 470. ಎಂ ಇದ್ದರೆ ಮ್ಯಾಕ್ಸ್‌ವೆಲ್, ಪಿ ಇದ್ದರೆ ಪಾಸ್ಕಲ್. ಇವಕ್ಕೆ 580ರ ಸಾಲೇ ಕೊನೆ, 590 ಹಾಕಲು ಹೋಗಬೇಡಿ.

ಜಿಟಿ218 ಎಂದು ಬಂದರೆ ಅದು ಜೀಫೋರ್ಸ್ 210ರಂಥ ಇನ್ನೂ ಹಳೆಯ ಕಾರ್ಡು. 8400 ಜಿಎಸ್ ಕೂಡ ಇದೇ ಕಾಲದ್ದು. ಇವುಗಳ ಡ್ರೈವರ್ 340. ಅದರ ಕೊನೆಯ ಆವೃತ್ತಿ 340.108, 2019ರ ಡಿಸೆಂಬರ್‌ನದು. ಈಗಿನ ಕರ್ನಲ್‌ಗೆ ಅದು ಕೂರುವುದಿಲ್ಲ, ಮಿಂಟ್ 21ರ ಪಟ್ಟಿಯಲ್ಲೂ ಇಲ್ಲ. ಯಾರೋ ತಿದ್ದಿದ ಪ್ಯಾಚ್ ಹುಡುಕಿ ವಾರಗಟ್ಟಲೆ ಕೂರುವುದಕ್ಕಿಂತ ನೂವೋದಲ್ಲೇ ಬಿಡಿ. ಟೈಪಿಂಗ್‌ಗೆ, ಪತ್ರ ಬರೆಯುವುದಕ್ಕೆ ಅದು ಸಾಕಾಗುತ್ತದೆ. ಮದರ್‌ಬೋರ್ಡಿನಲ್ಲೇ ಇಂಟೆಲ್ ಗ್ರಾಫಿಕ್ಸ್ ಇದ್ದರೆ ಆ ಕಾರ್ಡು ತೆಗೆದಿಟ್ಟು ಕೇಬಲ್ ಬೋರ್ಡಿಗೇ ಚುಚ್ಚಿ. ನಾನು ಒಂದು ಯಂತ್ರದಲ್ಲಿ ಹಾಗೇ ಮಾಡಿದ್ದೇನೆ.

ಡ್ರೈವರ್ ನೋಡಿ ಲಿನಕ್ಸ್ ಆರಿಸಿ

ತುಂಬ ಜನ ಎಲ್ಲಕ್ಕಿಂತ ಹೊಸ ಲಿನಕ್ಸ್ ಇಳಿಸಿ, ಆಮೇಲೆ ಹಳೆಯ ಡ್ರೈವರ್ ಹುಡುಕಲು ಹೋಗುತ್ತಾರೆ. ಹಳೆಯ ಕಾರ್ಡಿಗೆ ಲೆಕ್ಕ ತಿರುಗಿಸಿ ಹಾಕಬೇಕು. ಕಾರ್ಡಿಗೆ ಯಾವ ನಂಬರು ಬೇಕೋ ಅದು ಯಾವ ಲಿನಕ್ಸ್‌ನಲ್ಲಿ ಸಿಗುತ್ತದೋ ಅದನ್ನು ಹಾಕಬೇಕು.

ಮಿಂಟ್ 21ರ ಸಾಲು ಉಬುಂಟು ಎಂಬ ಇನ್ನೊಂದು ಲಿನಕ್ಸ್‌ನ 22.04 ಆವೃತ್ತಿಯ ಮೇಲೆ ನಿಂತಿದೆ. ಅದರಲ್ಲಿ 390 ಮತ್ತು 470 ಎರಡೂ ಇವೆ. ಮಿಂಟ್ 22, ಉಬುಂಟು 24.04ರ ಮೇಲೆ ನಿಂತಿದೆ. ಅದರಲ್ಲಿ 470 ಇದೆ, 390 ಇಲ್ಲ. ಹಾಗಾಗಿ ಫರ್ಮಿ ಕಾರ್ಡು ಇದ್ದವರು 21.3ರಲ್ಲೇ ಇರಿ. 2027ರ ಏಪ್ರಿಲ್‌ವರೆಗೆ ಅದಕ್ಕೆ ಭದ್ರತೆಯ ಅಪ್‌ಡೇಟ್ ಬರುತ್ತದೆ. ಅಷ್ಟರೊಳಗೆ ಆ ಕಾರ್ಡು ಬದಲಿಸಲು ನಾನು ತಿಂಗಳಿಗಿಷ್ಟು ಅಂತ ಎತ್ತಿಡುತ್ತಿದ್ದೇನೆ. ಕೆಪ್ಲರ್ ಇದ್ದವರು 22ಕ್ಕೆ ಹೋಗಬಹುದು.

ಕರ್ನಲ್ ವಿಷಯದಲ್ಲೂ ಇದೇ ಮಾತು. 21.3ರ ಜೊತೆ 5.15 ಕರ್ನಲ್ ಬರುತ್ತದೆ. ಅಪ್‌ಡೇಟ್ ಮ್ಯಾನೇಜರ್‌ನಲ್ಲಿ 6ರಿಂದ ಶುರುವಾಗುವ ಕರ್ನಲ್‌ಗಳೂ ಕಾಣುತ್ತವೆ. ಹೊಸದು ಚೆನ್ನಾಗಿರಬಹುದು ಅಂತ ಆಸೆಯಾಗುತ್ತದೆ. ಹಳೆಯ ಕಾರ್ಡಿನ ಯಂತ್ರದಲ್ಲಿ ಅದನ್ನು ಮುಟ್ಟಬೇಡಿ. ಕಂಪನಿ ಕೈಬಿಟ್ಟ ಡ್ರೈವರ್, ಅದು ಹುಟ್ಟಿದ ಮೇಲೆ ಬಂದ ಕರ್ನಲ್ ಜೊತೆ ಹೊಂದುತ್ತದೆ ಅಂತ ಭರವಸೆ ಇಲ್ಲ. 5.15ರ ಒಳಗಿನ ಸಣ್ಣ ಅಪ್‌ಡೇಟ್‌ಗಳನ್ನು ಮಾತ್ರ ತಪ್ಪದೆ ಹಾಕಿ.

ಹಾಕುವ ಕೆಲಸ

ಮೊದಲು ಟೈಮ್‌ಶಿಫ್ಟ್ ತೆರೆದು ಒಂದು ಸ್ನ್ಯಾಪ್‌ಶಾಟ್ ತೆಗೆಯಿರಿ. ಅದು ಮಿಂಟ್ ಜೊತೆಗೇ ಬರುತ್ತದೆ. ಏನಾದರೂ ಕೆಟ್ಟರೆ ಇಡೀ ವ್ಯವಸ್ಥೆಯನ್ನು ಇವತ್ತಿನ ಸ್ಥಿತಿಗೆ ತರಬಹುದು. ಆಮೇಲೆ ಅಪ್‌ಡೇಟ್ ಮ್ಯಾನೇಜರ್‌ನಲ್ಲಿ ಬಾಕಿ ಇರುವುದನ್ನೆಲ್ಲ ಮುಗಿಸಿ, ಒಂದು ಸಲ ರೀಸ್ಟಾರ್ಟ್ ಮಾಡಿ.

ಕರೆಂಟಿನ ಹೊತ್ತು ನೋಡಿಕೊಂಡು ಕೂರಿ. ನಮ್ಮ ಕಡೆ ಬೇಸಿಗೆಯಲ್ಲಿ ಯಾವಾಗ ಹೋಗುತ್ತದೆ ಹೇಳಲಾಗದು. ಡ್ರೈವರ್ ಅರ್ಧ ಕೂತಾಗ ಕರೆಂಟ್ ಹೋದರೆ ಪ್ಯಾಕೇಜ್ ವ್ಯವಸ್ಥೆ ಅಲ್ಲಿಗೇ ನಿಲ್ಲುತ್ತದೆ. ಹಾಗೇನಾದರೂ ಆದರೆ ಗಾಬರಿ ಬೇಡ. ಟರ್ಮಿನಲ್‌ನಲ್ಲಿ ಸುಡೊ, ಸ್ಪೇಸ್, ಡಿ ಪಿ ಕೆ ಜಿ, ಸ್ಪೇಸ್, ಎರಡು ಹೈಫನ್ ಹಚ್ಚಿ ಕಾನ್ಫಿಗರ್, ಸ್ಪೇಸ್, ಹೈಫನ್ ಎ. ನಿಂತ ಕೆಲಸ ಅಲ್ಲಿಂದ ಮುಂದುವರಿಯುತ್ತದೆ. ಸುಡೊ ಅಂದರೆ ಎಸ್ ಯು ಡಿ ಒ.

ಈಗ ಮೆನು ತೆರೆದು ಅಡ್ಮಿನಿಸ್ಟ್ರೇಶನ್, ಅದರಲ್ಲಿ ಡ್ರೈವರ್ ಮ್ಯಾನೇಜರ್. ಇಂಟರ್ನೆಟ್ ಬೇಕು, ನೂರಾರು ಎಂಬಿ ಇಳಿಯುತ್ತದೆ. ಪಾಸ್‌ವರ್ಡ್ ಕೊಟ್ಟರೆ ಅದೇ ಚಿಪ್ ನೋಡಿ, ಅದಕ್ಕೆ ಹೊಂದುವ ಡ್ರೈವರ್‌ಗಳನ್ನು ಮಾತ್ರ ತೋರಿಸುತ್ತದೆ. ಎರಡನೇ ಯಂತ್ರದಲ್ಲಿ ಇದನ್ನು ಮೊದಲು ತೆರೆದಿದ್ದರೆ 470 ಪಟ್ಟಿಯಲ್ಲೇ ಇರುತ್ತಿರಲಿಲ್ಲ, 390 ಎದುರಿಗೇ ಇರುತ್ತಿತ್ತು. ನೀವು ಬರೆದುಕೊಂಡ ನಂಬರು, ಅದು ತೋರಿಸುವ ನಂಬರು ಎರಡೂ ಒಂದೇ ಇದ್ದರೆ ಅದನ್ನು ಆರಿಸಿ ಅಪ್ಲೈ ಒತ್ತಿ. ಪೂರ್ತಿ ಮುಗಿಯುವವರೆಗೆ ಕಿಟಕಿ ಮುಚ್ಚಬೇಡಿ. ಮುಗಿದ ಮೇಲೆ ರೀಸ್ಟಾರ್ಟ್.

ಯಂತ್ರದಲ್ಲಿ ಸೆಕ್ಯೂರ್ ಬೂಟ್ (ಗುರುತಿಲ್ಲದ ಸಾಫ್ಟ್‌ವೇರನ್ನು ಶುರುವಿನಲ್ಲೇ ತಡೆಯುವ ಕಾವಲು) ಆನ್ ಇದ್ದರೆ ನಡುವೆ ಒಂದು ಪಾಸ್‌ವರ್ಡ್ ಇಡಲು ಹೇಳಬಹುದು. ಅದನ್ನು ಬರೆದಿಟ್ಟುಕೊಳ್ಳಿ. ರೀಸ್ಟಾರ್ಟ್ ಆದಾಗ ನೀಲಿ ಪರದೆ ಬರುತ್ತದೆ. ಅದರಲ್ಲಿ ಎನ್‌ರೋಲ್ ಎಂಒಕೆ ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ಅದನ್ನು ದಾಟಿಸಿ ಮುಂದೆ ಹೋದರೆ ಡ್ರೈವರ್ ಲೋಡ್ ಆಗುವುದಿಲ್ಲ.

ಎನ್ವಿಡಿಯಾ ತಾಣದಿಂದ ಡಾಟ್ ರನ್ ಫೈಲ್ ಇಳಿಸಿ ಹಾಕುವ ದಾರಿಯೂ ಇದೆ. ನಾನು ಯಾರಿಗೂ ಹೇಳುವುದಿಲ್ಲ. ಅದು ಇವತ್ತಿನ ಕರ್ನಲ್‌ಗೆ ಕೂರುತ್ತದೆ, ಕರ್ನಲ್ ಅಪ್‌ಡೇಟ್ ಆದ ದಿನ ಸ್ಕ್ರೀನ್ ಕಪ್ಪಾಗುವ ಸಂಭವ ಜಾಸ್ತಿ. ಡ್ರೈವರ್ ಮ್ಯಾನೇಜರ್ ಹಾಕಿದ್ದಾದರೆ ಕರ್ನಲ್ ಬದಲಾದಾಗ ಅದರ ಜೊತೆಗೇ ತಾನೂ ಹೊಂದಿಕೊಳ್ಳುತ್ತದೆ.

ಸ್ಕ್ರೀನ್ ಕಪ್ಪಾದರೆ

ನನಗೆ ಆದದ್ದು ಯಾರಿಗಾದರೂ ಆಗಬಹುದು. ಕಪ್ಪು ಸ್ಕ್ರೀನಿನ ಹಿಂದೆ ಕಂಪ್ಯೂಟರ್ ಸಾಮಾನ್ಯವಾಗಿ ಜೀವಂತ ಇರುತ್ತದೆ. ಕಂಟ್ರೋಲ್, ಆಲ್ಟ್, ಎಫ್2 ಮೂರನ್ನೂ ಒಟ್ಟಿಗೆ ಒತ್ತಿ. ಬರಿ ಅಕ್ಷರದ ಪರದೆ ಬಂದು ಲಾಗಿನ್ ಕೇಳುತ್ತದೆ. ಹೆಸರು, ಪಾಸ್‌ವರ್ಡ್ ಕೊಡಿ. ಪಾಸ್‌ವರ್ಡ್ ಹೊಡೆಯುವಾಗ ಏನೂ ಕಾಣುವುದಿಲ್ಲ, ಅದು ಸರಿಯೇ.

ಕಾರಣ ತಿಳಿಯಬೇಕಾದರೆ ಸುಡೊ, ಸ್ಪೇಸ್, ಡಿ ಎಂ ಇ ಎಸ್ ಜಿ, ಸ್ಪೇಸ್, ನೆಟ್ಟಗಿನ ಗೆರೆ, ಸ್ಪೇಸ್, ಜಿ ಆರ್ ಇ ಪಿ, ಸ್ಪೇಸ್, ದೊಡ್ಡಕ್ಷರದಲ್ಲಿ ಎನ್ ವಿ ಆರ್ ಎಂ. ನನಗೆ 390 ಬೇಕು ಎಂಬ ಮಾತು ಸಿಕ್ಕಿದ್ದು ಇಲ್ಲೇ. ತೆಗೆಯಲು ಸುಡೊ, ಸ್ಪೇಸ್, ಎ ಪಿ ಟಿ, ಸ್ಪೇಸ್, ಪಿ ಯು ಆರ್ ಜಿ ಇ, ಸ್ಪೇಸ್, ಎನ್ವಿಡಿಯಾ, ಹೈಫನ್, ಸ್ಟಾರ್. ಸ್ಟಾರ್ ಮರೆಯಬೇಡಿ, ಅದಿಲ್ಲದೆ ಡ್ರೈವರ್ ಹೋಗುವುದಿಲ್ಲ. ಏನೇನು ಹೋಗುತ್ತದೆ ಎಂಬ ಪಟ್ಟಿ ಓದಿ, ಒಪ್ಪಿಗೆ ಕೊಟ್ಟು, ಮುಗಿದ ಮೇಲೆ ಸುಡೊ ರೀಬೂಟ್. ನೂವೋ ತಿರುಗಿ ಬರುತ್ತದೆ. ಆಮೇಲೆ ಡ್ರೈವರ್ ಮ್ಯಾನೇಜರ್‌ನಿಂದ ಸರಿಯಾದದ್ದು ಹಾಕಿ.

ಆ ಮೂರು ಕೀಲಿಗೂ ಉತ್ತರ ಬರದಿದ್ದರೆ ಯಂತ್ರ ಆನ್ ಮಾಡುವಾಗ ಶಿಫ್ಟ್ ಒತ್ತಿ ಹಿಡಿಯಿರಿ. ಹೊಸ ಬಗೆಯ ಬಯೋಸ್ ಆದರೆ ಎಸ್ಕೇಪ್ ಒತ್ತಬೇಕು. ಯಾವುದನ್ನು ಶುರುಮಾಡಲಿ ಅಂತ ಕೇಳುವ ಗ್ರಬ್ ಪಟ್ಟಿ ಬರುತ್ತದೆ. ಮೊದಲ ಸಾಲಿನ ಮೇಲೆ ನಿಂತು ಇ ಒತ್ತಿ. ಲಿನಕ್ಸ್ ಎಂದು ಶುರುವಾಗುವ ಸಾಲಿನಲ್ಲಿ ಕ್ವಯಟ್ ಸ್ಪ್ಲ್ಯಾಶ್ ಎಂಬ ಪದಗಳಿವೆ. ಅವುಗಳ ಮುಂದೆ ಒಂದು ಸ್ಪೇಸ್ ಬಿಟ್ಟು ನೊಮೋಡ್‌ಸೆಟ್ ಎಂದು ಒಂದೇ ಪದವಾಗಿ ಸೇರಿಸಿ: ಎನ್ ಒ, ಎಂ ಒ ಡಿ ಇ, ಎಸ್ ಇ ಟಿ. ಎಫ್10 ಒತ್ತಿದರೆ ಒರಟು ಸ್ಕ್ರೀನ್ ಆದರೂ ಬರುತ್ತದೆ. ಇದು ಆ ಒಂದು ಸಲಕ್ಕೆ ಮಾತ್ರ. ಒಳಗೆ ಹೋಗಿ ಮೇಲಿನ ಕೆಲಸ ಮಾಡಿ. ಇನ್‌ಸ್ಟಾಲ್ ಮಾಡುವ ಪೆನ್‌ಡ್ರೈವ್ ಕಪ್ಪು ಸ್ಕ್ರೀನ್ ತೋರಿಸಿದರೂ ಇದೇ ಉಪಾಯ.

ಕೂತಿದೆಯಾ ಅಂತ ನೋಡುವುದು

ಅದೇ ಐ ಎನ್ ಎಕ್ಸ್ ಐ ಕಮಾಂಡ್ ಮತ್ತೆ ಕೊಡಿ. ಡ್ರೈವರ್ ಜಾಗದಲ್ಲಿ ಎನ್ವಿಡಿಯಾ ಮತ್ತು ನಂಬರು ಇರಬೇಕು. ಎಲ್‌ಎಲ್‌ವಿಎಂಪೈಪ್ ಎಂಬ ಪದ ಕಂಡರೆ ಕಾರ್ಡು ಸುಮ್ನೆ ಕೂತಿದೆ, ಚಿತ್ರದ ಕೆಲಸವನ್ನೆಲ್ಲ ಪ್ರೊಸೆಸರ್ ಹೊರುತ್ತಿದೆ ಎಂದರ್ಥ. ಎನ್ವಿಡಿಯಾ, ಹೈಫನ್, ಎಸ್ ಎಂ ಐ ಎಂದು ಕೊಟ್ಟರೆ ಕಾರ್ಡಿನ ಬಿಸಿ ಎಷ್ಟು ಅಂತಲೂ ತಿಳಿಯುತ್ತದೆ. ಮೇ ತಿಂಗಳಲ್ಲಿ ನಮ್ಮೂರು 42 ಡಿಗ್ರಿ ದಾಟುತ್ತದೆ. ಇಂಥ ಕಾರ್ಡುಗಳಲ್ಲಿ ಕೆಲವಕ್ಕೆ ಫ್ಯಾನೇ ಇಲ್ಲ, ಲೋಹದ ಹಲ್ಲುಗಳಲ್ಲಿ ಧೂಳು ತುಂಬಿರುತ್ತದೆ. ಡ್ರೈವರ್ ಹಾಕುವ ದಿನವೇ ಕ್ಯಾಬಿನೆಟ್ ತೆಗೆದು ಮೆತ್ತನೆಯ ಬ್ರಷ್‌ನಿಂದ ಆ ಧೂಳು ಝಾಡಿಸಿ. ಬಿಸಿಗೆ ಹ್ಯಾಂಗ್ ಆಗುವ ಕಾರ್ಡನ್ನು ಯಾವ ಡ್ರೈವರೂ ಸರಿಮಾಡದು.

ಪುಟ ಸರಿಸುವಾಗ ಸಾಲು ಇನ್ನೂ ಹರಿದಂತೆ ಕಂಡರೆ ಎನ್ವಿಡಿಯಾ ಸೆಟ್ಟಿಂಗ್ಸ್ ತೆರೆಯಿರಿ. ಎಕ್ಸ್ ಸರ್ವರ್ ಡಿಸ್‌ಪ್ಲೇ ಕಾನ್ಫಿಗರೇಶನ್‌ನಲ್ಲಿ ಅಡ್ವಾನ್ಸ್‌ಡ್ ಒತ್ತಿ, ಫೋರ್ಸ್ ಫುಲ್ ಕಾಂಪೊಸಿಷನ್ ಪೈಪ್‌ಲೈನ್‌ಗೆ ಟಿಕ್ ಹಾಕಿ. ನನ್ನ ಎರಡೂ ಯಂತ್ರಗಳಲ್ಲಿ ಹರಿಯುವುದು ನಿಂತದ್ದು ಇದರಿಂದಲೇ. ಲಿನಕ್ಸ್‌ನಲ್ಲಿ ಪರದೆಯನ್ನು ನಡೆಸುವ ವ್ಯವಸ್ಥೆ ಎರಡು, ವೇಲ್ಯಾಂಡ್ ಮತ್ತು ಎಕ್ಸಾರ್ಗ್. ಬೇರೆ ಲಿನಕ್ಸ್‌ನವರು ಲಾಗಿನ್ ಆಗುವಾಗ ವೇಲ್ಯಾಂಡ್ ಬಿಟ್ಟು ಎಕ್ಸಾರ್ಗ್ ಆರಿಸಬೇಕು. 390, 470 ಎರಡೂ ವೇಲ್ಯಾಂಡ್ ಜೊತೆ ಚೆನ್ನಾಗಿ ಹೋಗುವುದಿಲ್ಲ. ಮಿಂಟ್‌ನ ಸಿನಮನ್ ಡೆಸ್ಕ್‌ಟಾಪ್ ಹೇಗೂ ಎಕ್ಸಾರ್ಗ್‌ನಲ್ಲೇ ಶುರುವಾಗುತ್ತದೆ.

ಎಎಂಡಿ ಕಾರ್ಡು ಇದ್ದವರಿಗೆ ಇಷ್ಟೆಲ್ಲ ಇಲ್ಲ. ಎಚ್‌ಡಿ 5450ಯಂಥವಕ್ಕೆ ಕರ್ನಲ್‌ನಲ್ಲೇ ರೇಡಿಯಾನ್ ಎಂಬ ಡ್ರೈವರ್ ಇದೆ, ಮೊದಲ ದಿನದಿಂದ ನಡೆಯುತ್ತದೆ. ಹಿಂದಿನ ಕ್ಯಾಟಲಿಸ್ಟ್ ಡ್ರೈವರ್ ಹುಡುಕಿ ಹಾಕಲು ಹೋದರೆ ನಡೆಯುತ್ತಿರುವುದೂ ಕೆಡುತ್ತದೆ. ಇಂಟೆಲ್‌ಗೂ ಏನೂ ಹಾಕಬೇಕಿಲ್ಲ.

ಕೊನೆಗೆ ನಾನು ಮಾಡಿದ ಕೆಲಸ ಒಂದು ಬಿಳಿ ಟೇಪಿನದು. ಪ್ರತಿ ಕ್ಯಾಬಿನೆಟ್ ಮೇಲೆ ಟೇಪ್ ಅಂಟಿಸಿ ಚಿಪ್, ಡ್ರೈವರ್, ಕರ್ನಲ್ ಬರೆದಿದ್ದೇನೆ. ನಾನಿಲ್ಲದಾಗ ಯಾರು ಕೂತರೂ ತಿಳಿಯಬೇಕಲ್ವಾ. ಮೊದಲನೆಯದರ ಮೇಲೆ: ಜಿಕೆ208, 470, 5.15. ಎರಡನೆಯದರ ಮೇಲೆ: ಜಿಎಫ್108, 390, 5.15, ಮಿಂಟ್ 22 ಹಾಕಬೇಡಿ. ಆ ಎರಡನೇ ಯಂತ್ರದಲ್ಲಿ ಈಗ ಥ ಕೇಳಿದ ಹುಡುಗಿಯೇ ಕೂರುತ್ತಾಳೆ. ಟೇಪಿನ ಮೇಲಿನ ಅಕ್ಷರವೂ ಅವಳದೇ.